ಕರೆಯುವವರ ಹೆಸರು

ಲಗ್ನಪತ್ರಿಕೆಯಲ್ಲಿ ಏನೇನು ಮಾಹಿತಿ ಇರಬೇಕು ಎಂದು ಕೇಳಿಕೊಂಡು ಈಗಲೂ ನನ್ನ ಮನೆಗೆ ಒಬ್ಬಿಬ್ಬರು ಬರುತ್ತಾರೆ. ಹೆಚ್ಚಾಗಿ ಸಾಗರದಲ್ಲಿ ಹೊಸದಾಗಿ ಕಂಪ್ಯೂಟರ್ ಇಟ್ಟುಕೊಂಡು ಪತ್ರಿಕೆ ಮಾಡಿಕೊಡುವ ಹುಡುಗ ಹುಡುಗಿಯರು. ಗಣಪತಿಯ ಚಿತ್ರ ನಡುವಿಗೋ ಮೂಲೆಗೋ, ವರನ ಓದು ಹಾಕಬೇಕೋ ಬೇಡವೋ, 'ಉಡುಗೊರೆ ಬೇಡ' ಎನ್ನುವ ಸಾಲು ಎಲ್ಲಿ ಬರಬೇಕು, ಹೀಗೆ ಕೇಳುತ್ತಾರೆ. ನಾನು ಅದಕ್ಕೆಲ್ಲ ಉತ್ತರ ಹೇಳಲು ಹೋಗುವುದಿಲ್ಲ. ಕರೆಯುವವರು ಯಾರು, ಅದನ್ನು ಮೊದಲು ಹೇಳಿ ಎನ್ನುತ್ತೇನೆ. ಅವರು ಫೋನ್ ತೆಗೆದು ನೋಡಿ ಯಾರೋ ದೊಡ್ಡಪ್ಪನ ಹೆಸರು ಹೇಳುತ್ತಾರೆ. ಹುಡುಗಿಗೆ ತಾಯಿ ಇಲ್ಲವೇ ಎಂದರೆ, "ಇದಾರೆ ಸರ್, ಆದ್ರೆ..." ಎಂದು ರಾಗ ಎಳೆಯುತ್ತಾರೆ. ಆ 'ಆದ್ರೆ' ಕಿವಿಗೆ ಬಿದ್ದ ಕೂಡಲೇ ನನಗೆ ಸಿಟ್ಟು ನೆತ್ತಿಗೇರುತ್ತದೆ. ಎಂಬತ್ತು ದಾಟಿದರೂ ಆ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಇಚ್ಛೆಯೂ ನನಗಿಲ್ಲ.

ಇದನ್ನು ಬರೆಯುತ್ತಿರುವುದು ಆ ಹುಡುಗರಿಗಾಗಿ. ನಾನು ಕಂಪಾಸಿಟರ್ ಆಗಿ ಸೇರಿದ್ದು, ಫೋರ್‌ಮನ್ ಆದದ್ದು, ಕೊನೆಗೆ ಶಾಲು ಹೊದಿಸಿ ಕಳಿಸಿದ್ದು, ಇವೆಲ್ಲ ಯಾರಿಗೂ ಬೇಕಾಗಿಲ್ಲ. ಬೇಕಾಗಿರುವುದು ನಾನು ಮಾಡಿದ ತಪ್ಪುಗಳು. ಅದರಲ್ಲೂ ಒಂದು ತಪ್ಪು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವನು. ಗೇಣಿ ಮಾಡುವ ಮನೆ. ಅಪ್ಪ ನನಗೆ ಒಂಬತ್ತು ವರ್ಷವಾಗಿದ್ದಾಗ, ತಂಗಿ ಸರೋಜ ಇನ್ನೂ ತೊಟ್ಟಿಲಲ್ಲಿದ್ದಾಗ ತೀರಿಕೊಂಡರು. ಅವ್ವ ದುಗ್ಗಮ್ಮ ಒಬ್ಬಳೇ ಗದ್ದೆ ಮಾಡಿ ನಮ್ಮಿಬ್ಬರನ್ನೂ ಸಾಕಿದಳು. ಮಿಡ್ಲ್ ಸ್ಕೂಲ್ ಮುಗಿಸಿ, ನಾಲ್ಕೈದು ವರ್ಷ ಅವ್ವನ ಜೊತೆ ಗದ್ದೆ ಮಾಡಿದ ಮೇಲೆ ಯಾರದೋ ಶಿಫಾರಸಿನಿಂದ ನಾನು ಸಾಗರದ ಒಂದು ಪ್ರೆಸ್ಸು ಸೇರಿದೆ. ಮಾಲೀಕರು ಸುಬ್ಬರಾಯರು. ನಶ್ಯ ಏರಿಸಿಕೊಂಡು ಪ್ರೂಫು ನೋಡಲು ಕೂತರೆ ಒಂದು ಚುಕ್ಕಿ ಕೂಡ ಅವರ ಕಣ್ಣು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಬೈಗುಳ ಧಾರಾಳ. ಕೆಲಸ ಕಲಿಸುವುದರಲ್ಲೂ ಧಾರಾಳ. ಮರದ ಕೇಸಿನ ಸಣ್ಣ ಸಣ್ಣ ಖಾನೆಗಳಲ್ಲಿ ಸೀಸದ ಅಕ್ಷರದ ಮೊಳೆಗಳು ಇರುತ್ತಿದ್ದವು. ಒಂದೊಂದೇ ಆರಿಸಿ, ಎಡಗೈಯ ಕಬ್ಬಿಣದ ಸ್ಟಿಕ್ಕಿನಲ್ಲಿ ತಲೆಕೆಳಗಾಗಿ ಜೋಡಿಸಬೇಕು. ಒತ್ತಕ್ಷರಕ್ಕೆ ಬೇರೆ ಮೊಳೆ. ಒಂದು ಲಗ್ನಪತ್ರಿಕೆಯನ್ನು ಮೊದಲಿನಿಂದ ಜೋಡಿಸಲು ಅರ್ಧ ದಿನ ಹಿಡಿಯುತ್ತಿತ್ತು.

ಅದಕ್ಕೇ ನಾವು 'ಕಟ್ಟಿಟ್ಟ ಅಚ್ಚು' ಇಟ್ಟುಕೊಂಡಿರುತ್ತಿದ್ದೆವು. ದೇವರ ಹೆಸರು, 'ತಾವು ಸಕುಟುಂಬ ಸಪರಿವಾರರಾಗಿ ಚಿತ್ತೈಸಿ', ಕೆಳಗೆ ನಮ್ಮ ಪ್ರೆಸ್ಸಿನ ಸಾಲು, ಇಷ್ಟೂ ಜೋಡಿಸಿದ ಮೊಳೆಗಳನ್ನು ಬಿಚ್ಚದೆ ಹುರಿಯಿಂದ ಬಿಗಿದು ತಗಡಿನ ತಟ್ಟೆಯಲ್ಲಿ ಇಡುವುದು. ಹೊಸ ಮದುವೆ ಬಂದಾಗ ಹುರಿ ಬಿಚ್ಚಿ ಹೆಣ್ಣು ಗಂಡಿನ ಹೆಸರು, ಮುಹೂರ್ತ, ಸ್ಥಳ, ಕರೆಯುವವರ ಹೆಸರು ಬದಲಿಸಿದರೆ ಮುಗಿಯಿತು. ಒಂದು ಮದುವೆಯ ಮೊಳೆ ಇನ್ನೊಂದು ಮದುವೆಗೆ. ಅರವತ್ತರ ದಶಕದ ಆ ವರ್ಷಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಎಷ್ಟೋ ಮದುವೆಗಳಿಗೆ ಜನರನ್ನು ಕರೆದದ್ದು ಅದೇ ಒಂದು ಹಿಡಿ ಸೀಸ.

ಅಚ್ಚಿನ ಪತ್ರಿಕೆಯೇ ಆಗ ನಮ್ಮ ಕಡೆ ಹೊಸದು. ಅಲ್ಲಿಯವರೆಗೆ ಮನೆಮನೆಗೆ ಹೋಗಿ ಎಲೆ ಅಡಿಕೆ ಕೊಟ್ಟು ಬಾಯಿಮಾತಿನಲ್ಲಿ ಕರೆಯುತ್ತಿದ್ದರು. ಹೊಸದಾದ್ದರಿಂದ ಏನು ಹಾಕಬೇಕು ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೊಸನಗರದ ಒಬ್ಬ ವರ ತನ್ನ ಹೆಸರಿನ ಮುಂದೆ 'ಇಂಟರ್ ಫೇಲ್' ಎಂದು ಹಾಕಲೇಬೇಕು ಎಂದು ಕೂತ. ಫೇಲ್ ಆಗಬೇಕಾದರೂ ಅಲ್ಲಿವರೆಗೆ ಓದಿರಬೇಕಲ್ಲ ಎನ್ನುವುದು ಅವನ ವಾದ. ರಾಯರು ನಗದೆ ಹಾಕಿಸಿದರು. ಇನ್ನೊಬ್ಬರು ಯಾವ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿ ಇಳಿಯಬೇಕು, ಇಳಿದ ಮೇಲೆ ಹಳ್ಳದ ಯಾವ ಸಂಕ ದಾಟಬೇಕು, ಯಾರ ಮನೆಯ ನಾಯಿ ಕಚ್ಚುತ್ತದೆ ಎಂಬಲ್ಲಿಯವರೆಗೆ ಬರೆದುಕೊಂಡು ಬಂದಿದ್ದರು. ನಾಯಿಯ ಸಾಲನ್ನು ಮಾತ್ರ ರಾಯರು ಹೊಡೆದುಹಾಕಿದರು. ನನ್ನನ್ನು ಕೇಳಿದ್ದರೆ ಇರಲಿ ಎನ್ನುತ್ತಿದ್ದೆ. ನೆಂಟರಿಗೆ ಬೇಕಾದ ಮಾಹಿತಿ ಅದು.

ಗೇಣಿದಾರರ ಮನೆಯ ಪತ್ರಿಕೆಗಳಲ್ಲಿ ಒಂದು ಸಾಲು ಕಡ್ಡಾಯವಾಗಿತ್ತು. 'ನಮ್ಮ ಒಡೆಯರಾದ ಶ್ರೀ ಇಂಥವರ ಅಪ್ಪಣೆ ಪಡೆದು' ಎಂದು ಮೇಲೆಯೇ, ದೇವರ ಹೆಸರಿನ ಕೆಳಗೆ, ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಮಗಳನ್ನು ಹೆತ್ತವರು ಇವರು, ಊಟ ಹಾಕುವವರು ಇವರು, ಅಪ್ಪಣೆ ಮಾತ್ರ ಅವರದು. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿರಬಹುದು. ಹುಚ್ಚಪ್ಪ ಎಂಬ ಗೇಣಿದಾರ ಮಗನ ಮದುವೆ ಪತ್ರಿಕೆಗೆ ಬಂದ. ನಾನು ಕಟ್ಟಿಟ್ಟ ಅಚ್ಚು ತೆಗೆದು ಹೆಸರು, ಮುಹೂರ್ತ, ಊರು ಎಲ್ಲ ಬದಲಿಸಿದೆ. ಒಡೆಯರ ಸಾಲನ್ನು ಮರೆತೆ. ಅದರಲ್ಲಿ ಹಿಂದಿನ ಮದುವೆಯವರ ಒಡೆಯರ ಹೆಸರೇ ಉಳಿಯಿತು. ಅಂದು ರಾಯರು ಜ್ವರ ಬಂದು ಮಲಗಿದ್ದರಿಂದ ಪ್ರೂಫು ನೋಡಿದವನೂ ನಾನೇ. ಪತ್ರಿಕೆ ಅಚ್ಚಾಗಿ, ಹುಚ್ಚಪ್ಪನ ಕೈ ಸೇರಿ, ಮೊದಲ ಪ್ರತಿ ಅವನ ಒಡೆಯರ ಜಗಲಿಗೆ ಹೋಯಿತು. ತನ್ನ ಒಕ್ಕಲು ಇನ್ನೊಬ್ಬ ಒಡೆಯನ ಅಪ್ಪಣೆ ಪಡೆದು ಮಗನ ಮದುವೆ ಮಾಡುತ್ತಿರುವುದನ್ನು ಅವರು ಓದಿಕೊಂಡರು.

ಮಾರನೆಯ ದಿನ ಹುಚ್ಚಪ್ಪ ಪತ್ರಿಕೆಯ ಕಟ್ಟನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ರಾಯರು ಕಂಬಳಿ ಹೊದ್ದುಕೊಂಡೇ ಬಂದು ನನಗೆ ಬಾಯಿಗೆ ಬಂದಂತೆ ಬೈದು, "ಬೇರೆ ಹೊಡೆದು ಕೊಡ್ತೀವಿ ಹುಚ್ಚಪ್ಪ, ನಿಮ್ಮ ಒಡೆಯರ ಹೆಸರು ಸರಿಯಾಗಿ ಹೇಳು" ಎಂದರು.

ಹುಚ್ಚಪ್ಪ ಬೆಂಚಿನ ಮೇಲೆ ಕೂತು ಬೀಡಿ ಹಚ್ಚಿದ. ಆಮೇಲೆ ಹೇಳಿದ: "ಅಯ್ಯಾ, ಅವ್ರು ನಿನ್ನೆ ನಂಗೆ ಬೈದಿದ್ದು ಬೈದಾಯ್ತು. ಬೈಸ್ಕಂಡು ಮನೀಗ್ ಬಂದ್ಮೇಲೆ ನೋಡ್ತೀನಿ, ಏನೂ ಆಗಿಲ್ಲ. ಎಮ್ಮೆ ಹಾಲು ಕೊಡ್ತು, ನಾನು ಉಂಡೆ, ಮಲಗ್ದೆ. ಹಂಗಾರೆ ಆ ಸಾಲು ಯಾಕ್ ಬೇಕು? ಅವರ್ದೂ ಬ್ಯಾಡ, ಇವರ್ದೂ ಬ್ಯಾಡ. ತೆಗ್ದುಬಿಡಿ."

ರಾಯರು ಅನುಮಾನಿಸಿದರು. ಹುಚ್ಚಪ್ಪ ಬೀಡಿ ಮುಗಿಯುವವರೆಗೂ ಅಲ್ಲಾಡಲಿಲ್ಲ. ಕೊನೆಗೆ ನಾನೇ ಆ ಸಾಲಿನ ಮೊಳೆಗಳನ್ನು ಕಿತ್ತು ಕೇಸಿಗೆ ಹಾಕಿದೆ. ಮುಂದಿನ ತಿಂಗಳು ಅದೇ ಊರಿನ ಇನ್ನೊಂದು ಮನೆಯವರು ಬಂದು, ಹುಚ್ಚಪ್ಪನ ಪತ್ರಿಕೆ ತೋರಿಸಿ, "ನಮ್ಗೂ ಹಿಂಗೇ ಮಾಡಿ" ಎಂದರು. ಒಂದು ವರ್ಷ ಕಳೆಯುವಷ್ಟರಲ್ಲಿ ಆ ಸಾಲು ನಮ್ಮ ಕಟ್ಟಿಟ್ಟ ಅಚ್ಚಿನಿಂದಲೇ ಹೋಯಿತು. ನನ್ನ ತಪ್ಪಿನಿಂದ ಒಂದು ಒಳ್ಳೆಯದಾಯಿತು ಎಂದು ನಾನು ಬಹಳ ದಿನ ಬೀಗಿದೆ. ಬೀಗಬಾರದಿತ್ತು, ಯಾಕೆಂದರೆ ಅದಾದ ಸ್ವಲ್ಪ ದಿನಕ್ಕೇ ನನ್ನ ಮದುವೆ ಬಂತು.

ನನ್ನ ಪತ್ರಿಕೆಯನ್ನು ನಾನೇ ಜೋಡಿಸಿದೆ. ಒಳ್ಳೆಯ ಗುಲಾಬಿ ಬಣ್ಣದ ಕಾಗದವನ್ನು ರಾಯರು ಉಡುಗೊರೆಯಾಗಿ ಕೊಟ್ಟಿದ್ದರು. ಕರೆಯುವವರ ಜಾಗದಲ್ಲಿ ನನ್ನ ಚಿಕ್ಕಪ್ಪ ರಂಗಪ್ಪನ ಹೆಸರು ಹಾಕಿದೆ. ನನ್ನ ಹೆಸರಿನ ಹಿಂದೆ 'ದಿವಂಗತ ಇಂಥವರ ಪುತ್ರ' ಎಂದು ಅಪ್ಪನ ಹೆಸರು. ಅವ್ವನ ಹೆಸರು ಎಲ್ಲಿಯೂ ಇಲ್ಲ. ಗಂಡ ಸತ್ತವಳ ಹೆಸರು ಶುಭಪತ್ರಿಕೆಯಲ್ಲಿ ಬರುವಂತಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಸತ್ತ ಅಪ್ಪ ಪತ್ರಿಕೆಯಲ್ಲಿ ಇರಬಹುದು, ಆ ಹದಿನಾಲ್ಕು ವರ್ಷವೂ ನನ್ನನ್ನು ಸಾಕಿದ ಅವ್ವ ಇರಬಾರದು. ಇದನ್ನು ಯಾರೂ ನನಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎಷ್ಟೋ ಮನೆಗಳ ಪತ್ರಿಕೆಯಲ್ಲಿ ಅಂಥ ತಾಯಂದಿರನ್ನು ಬಿಟ್ಟೇ ಜೋಡಿಸಿದ್ದ ಕೈ ನನ್ನದು, ತನ್ನಷ್ಟಕ್ಕೇ ಬಿಟ್ಟಿತು.

ಪತ್ರಿಕೆಯ ಕಟ್ಟು ತೆಗೆದುಕೊಂಡು ಮೇಳಿಗೆಗೆ ಹೋದೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಒಂದು ಪತ್ರಿಕೆ ಎತ್ತಿಕೊಂಡಳು. ಮೂಸಿ ನೋಡಿದಳು. ಆಮೇಲೆ ಕೇಳಿದಳು: "ಇದ್ರಲ್ಲಿ ನನ್ ಹೆಸ್ರು ಎಲ್ಲಿದ್ಯಾ?"

ಅವಳು ಅದನ್ನು ಕೇಳಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಪತ್ರಿಕೆಯ ತೀರಾ ಕೆಳಗೆ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ನಮ್ಮ ಪ್ರೆಸ್ಸಿನ ಹೆಸರಿನ ಸಾಲಿತ್ತು. ನಾನು ಅದರ ಮೇಲೆ ಬೆರಳಿಟ್ಟು, "ಇಲ್ಲಿದೆ ನೋಡು" ಎಂದೆ.

"ಇಷ್ಟ್ ಸಣ್ಣಕ್ಕಾ?"

"ಹೆಂಗಸ್ರ ಹೆಸ್ರು ಸಣ್ಣಕ್ಕೇ ಹಾಕಾದು ಅವ್ವ."

ಅವಳು ಆ ಸಾಲನ್ನು ಬೆರಳಿನಿಂದ ಸವರಿ, ಪತ್ರಿಕೆಯನ್ನು ಕಣ್ಣಿಗೆ ಒತ್ತಿಕೊಂಡಳು. ಒಂದನ್ನು ಎತ್ತಿ ತನ್ನ ಪೆಟ್ಟಿಗೆಯಲ್ಲಿ, ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಳು. ಮದುವೆ ಆಯಿತು. ಮಂಟಪದ ಹತ್ತಿರ ಅವಳು ಬರಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ನಾನು ನನ್ನ ಕೆಲಸಕ್ಕೆ ಸಾಗರಕ್ಕೆ ಮರಳಿದೆ. ಆಮೇಲೆ ಪ್ರತಿ ಲಗ್ನಪತ್ರಿಕೆಯ ಅಚ್ಚು ಕಟ್ಟುವಾಗಲೂ ಆ ಸಣ್ಣ ಸಾಲು ನನ್ನ ಕೈಗೆ ಸಿಗುತ್ತಿತ್ತು. ಅದನ್ನು ಮುಟ್ಟುವಾಗ ನನಗೆ ನಾಚಿಕೆಯಾಗುತ್ತಿತ್ತು. ಐದಾರು ವರ್ಷ ಹಾಗೆಯೇ ನಾಚಿಕೆಪಡುತ್ತ, ಹಾಗೆಯೇ ಅಚ್ಚು ಕಟ್ಟುತ್ತ ಕಳೆದೆ. ಸುಮ್ಮನೆ ನಾಚಿಕೆಪಟ್ಟರೆ ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ.

ಗಂಗಮ್ಮ ಬಂದದ್ದು ಅರವತ್ತರ ದಶಕ ಮುಗಿಯುತ್ತಿದ್ದಾಗ. ಶರಾವತಿಯ ಹಿನ್ನೀರು ನಿಂತು ಆಚೆ ದಡದ ಊರುಗಳಿಗೆ ಲಾಂಚಿನಲ್ಲಿ ಓಡಾಡುವುದು ಶುರುವಾಗಿತ್ತು. ಅವಳು ಬ್ಯಾಕೋಡಿನ ಕಡೆಯವಳು. ನೀರು ದಾಟಿ, ಬಸ್ಸು ಹಿಡಿದು, ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬಳೇ ಬಂದು ರಾಯರ ಮೇಜಿನ ಮುಂದೆ ನಿಂತಳು. ಹಣೆ ಬೋಳು, ಕೈ ಬೋಳು. ಮಗಳ ಮದುವೆ. ಹೆಣ್ಣು ಗಂಡಿನ ಹೆಸರು ಹೇಳಿದಳು, ಮುಹೂರ್ತ ಹೇಳಿದಳು. ಲಾಂಚು ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಹಾಕಿ, ಇಲ್ಲದಿದ್ದರೆ ನೆಂಟರು ಈಚೆ ದಡದಲ್ಲೇ ಊಟಕ್ಕೆ ಕಾಯುತ್ತಾರೆ ಎಂದಳು. ರಾಯರು ಎಲ್ಲ ಬರೆದುಕೊಂಡು, "ಕರೆಯೋವ್ರು ಯಾರು?" ಎಂದು ಕೇಳಿದರು.

"ನಾನೇಯ. ಗಂಗಮ್ಮ ಅಂತ ಹಾಕಿ."

ರಾಯರು ಪೆನ್ನು ಕೆಳಗಿಟ್ಟರು. ನಾನು ಕೇಸಿನ ಮುಂದೆ ಮೊಳೆ ಆರಿಸುತ್ತಿದ್ದವನು ಕೈ ನಿಲ್ಲಿಸಿದೆ.

"ಹಾಗೆ ಬರೋದಿಲ್ಲಮ್ಮ" ಎಂದರು ರಾಯರು. ದನಿ ಒರಟಾಗಿರಲಿಲ್ಲ. "ಇದು ಶುಭಪತ್ರಿಕೆ. ನಿಮ್ಮ ಯಜಮಾನ್ರ ಕಡೆ ಗಂಡಸ್ರು ಯಾರೂ ಇಲ್ವೆ? ಮೈದುನ?"

"ಮೈದ್ನ ಇದಾನೆ. ನೀರು ಬಂದಾಗ ಅವ್ನ್ ಪಾಡಿಗೆ ಗಂಟುಮೂಟೆ ಕಟ್ಕಂಡು ಶಿವಮೊಗ್ಗ ದಿಕ್ಕಿಗೆ ಹೋದ. ಈ ಹುಡುಗಿ ಉಂಡ್ಯಾ ಅಂತ ಒಂದಿನ ಕೇಳಿಲ್ಲ."

"ಇರ್ಲಿ, ಹೆಸರಿಗೆ ಅವನದೇ ಹಾಕೋಣ. ಪದ್ಧತಿ ಅಂತ ಒಂದಿದೆಯಲ್ಲ."

ಗಂಗಮ್ಮ ತಲೆ ಬಗ್ಗಿಸಿದಳು. ಅಳುತ್ತಾಳೇನೋ ಅಂದುಕೊಂಡೆ. ಅವಳು ಅಳಲಿಲ್ಲ. ಕೈಚೀಲ ಬಿಚ್ಚಿ ಮಡಿಸಿ ಮಡಿಸಿ ಹರಿದುಹೋಗುವಂತಾಗಿದ್ದ ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು. ಮುಳುಗಡೆಯ ಮನೆ ಖಾಲಿ ಮಾಡಿ ಎಂಬ ಸರ್ಕಾರಿ ನೋಟೀಸು.

"ಇದ್ನ ಓದಿ ಅಯ್ಯಾ. ಯಾರ್ ಹೆಸ್ರಿದೆ?"

ರಾಯರು ಕನ್ನಡಕ ಏರಿಸಿ ಓದಿದರು. "ಗಂಗಮ್ಮ..."

"ಹೌದಲ್ಲ? ಮನೆ ಬಿಟ್ ಹೋಗು ಅನ್ನೋ ಕಾಗ್ದಕ್ಕೆ ನನ್ ಹೆಸ್ರು ಆಗ್ತದೆ. ಅವಾಗ ಮೈದ್ನ ಎಲ್ಲಿ, ಗಂಡಸ್ರು ಎಲ್ಲಿ ಅಂತ ಯಾರೂ ಕೇಳ್ಲಿಲ್ಲ. ಈಗ ಮನೆಗೆ ಬನ್ನಿ ಅನ್ನೋ ಕಾಗ್ದಕ್ಕೆ ನನ್ ಹೆಸ್ರು ಆಗಲ್ವ? ಹೆತ್ತಿದ್ದು ನಾನು, ಸಾಕಿದ್ದು ನಾನು. ನಾನೇ ಕರೀತೀನಿ. ಬರೋರು ಬರ್ಲಿ, ಬರ್ದೆ ಇರೋರು ಮನೇಲಿರ್ಲಿ."

ರಾಯರು ನೋಟೀಸನ್ನು ಮಡಿಸಿ ಹಿಂದಕ್ಕೆ ಕೊಟ್ಟು, "ವಾರ ಬಿಟ್ಟು ಬನ್ನಿ, ನೋಡೋಣ" ಎಂದರು. ಅವಳು ಹೋದ ಮೇಲೆ ಚೀಟಿಯಲ್ಲಿ ಮೈದುನನ ಹೆಸರನ್ನೇ ಬರೆದು ನನ್ನ ಕೈಗೆ ಕೊಟ್ಟು ಊಟಕ್ಕೆ ಮನೆಗೆ ಹೊರಟರು.

ಅವರು ಊಟ ಮಾಡಿ, ಒಂದು ಗಳಿಗೆ ಅಡ್ಡಾಗಿ ಬರುವಷ್ಟರಲ್ಲಿ ನಾನು ಪತ್ರಿಕೆ ಜೋಡಿಸಿ ಪ್ರೂಫು ತೆಗೆದು ಅವರ ಮೇಜಿನ ಮೇಲೆ ಇಟ್ಟಿದ್ದೆ. ಕರೆಯುವವರ ಜಾಗದಲ್ಲಿ 'ಶ್ರೀಮತಿ ಗಂಗಮ್ಮ'. ಒಡೆಯರ ಸಾಲಿಗೆ ಹಿಂದೆ ಬಳಸುತ್ತಿದ್ದ ದಪ್ಪ ಅಕ್ಷರಗಳು ಕೇಸಿನಲ್ಲಿ ಕೆಲಸವಿಲ್ಲದೆ ಬಿದ್ದಿದ್ದವು. ಅವನ್ನೇ ಹಾಕಿದ್ದೆ.

"ಇದೇನೋ ಶೇಷಪ್ಪ?"

"ಪ್ರೂಫು."

"ಅದು ನಂಗೂ ಕಾಣುತ್ತೆ. ನಾನು ಬರೆದುಕೊಟ್ಟಿದ್ದೇನು, ನೀನು ಜೋಡಿಸಿದ್ದೇನು?"

"ನೀವು ಬರೆದಿದ್ದು ತಪ್ಪಿತ್ತು. ತಿದ್ದಿದೀನಿ."

ಹತ್ತು ವರ್ಷದಿಂದ ನನ್ನ ತಪ್ಪುಗಳನ್ನೇ ತಿದ್ದುತ್ತ ಬಂದ ಮನುಷ್ಯ ಅವರು. ಮುಖ ಕೆಂಪಾಯಿತು. "ನನ್ನ ಪ್ರೆಸ್ಸಲ್ಲಿ ನಿಂತ್ಕೊಂಡು ನನಗೇ ತಿದ್ದೋಷ್ಟು ದೊಡ್ಡವನಾದ್ಯಾ? ನಾಳೆ ಈ ಪತ್ರಿಕೆ ಊರೂರಿಗೆ ಹೋಗುತ್ತೆ. ಕೆಳಗೆ ನಮ್ಮ ಹೆಸರಿರುತ್ತೆ. ಅಪಶಕುನದ ಪತ್ರಿಕೆ ಹೊಡೆಯೋ ಪ್ರೆಸ್ಸು ಅಂತಾಗುತ್ತೆ. ಆಮೇಲೆ ಯಾರು ಬರ್ತಾರೋ ಇಲ್ಲಿಗೆ? ಬದಲಾಯಿಸು. ಇಲ್ಲಾಂದ್ರೆ ಬಾಗ್ಲು ಅಲ್ಲಿದೆ."

ನಾನು ಸ್ಟಿಕ್ಕು ಕೆಳಗಿಟ್ಟೆ. ಹೆಂಡತಿ, ಎರಡು ಮಕ್ಕಳು ಇದ್ದವನು, ಬೇರೆ ಕಡೆ ಕೆಲಸವಿರಲಿಲ್ಲ. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು. ಆ ಸಿಟ್ಟು ರಾಯರ ಮೇಲಿನದಲ್ಲ. "ಹೋಗ್ತೀನಿ ರಾಯ್ರೆ. ಹೋಗೋಕೆ ಮುಂಚೆ ಒಂದು ಮಾತು ಕೇಳಿ" ಎಂದು ನನ್ನ ಮದುವೆ ಪತ್ರಿಕೆಯ ಕತೆಯನ್ನು ಅವರಿಗೆ ಹೇಳಿದೆ. ಅವ್ವ ಕೇಳಿದ್ದು, ನಾನು ಬೆರಳಿಟ್ಟು ತೋರಿಸಿದ್ದು, ಅವಳು ಕಣ್ಣಿಗೆ ಒತ್ತಿಕೊಂಡಿದ್ದು. ಅದುವರೆಗೆ ಹೆಂಡತಿಗೂ ಹೇಳಿರಲಿಲ್ಲ.

ರಾಯರು ಕೈಗೆತ್ತಿಕೊಂಡಿದ್ದ ನಶ್ಯದ ಡಬ್ಬಿಯನ್ನು ತೆರೆಯದೆ ಮೇಜಿನ ಮೇಲಿಟ್ಟರು. "ನನ್ನ ಪ್ರೆಸ್ಸಿನ ಸಾಲು ತೋರಿಸಿದ್ಯಾ?"

"ಹೌದು."

"ನಾನು ಕೊಟ್ಟ ಗುಲಾಬಿ ಕಾಗದದ ಮೇಲೆ?"

"ಹೌದು."

ಅವರು ಪ್ರೂಫನ್ನು ಹತ್ತಿರ ಎಳೆದುಕೊಂಡು, ಕೆಂಪು ಪೆನ್ಸಿಲಿನಿಂದ ಒಂದೇ ಒಂದು ತಿದ್ದುಪಡಿ ಮಾಡಿ ನನ್ನ ಕಡೆ ದೂಡಿದರು. ಗಂಗಮ್ಮನ ಹೆಸರು ಹಾಗೆಯೇ ಇತ್ತು. ಕೆಳಗಿನ ನಮ್ಮ ಪ್ರೆಸ್ಸಿನ ಸಾಲನ್ನು ಹೊಡೆದುಹಾಕಿದ್ದರು. "ಅವಳ ಹೆಸರು ಇರ್ಲಿ. ನಮ್ಮದು ಬೇಡ" ಎಂದರು. ಅದು ಗಿರಾಕಿಗಳ ಹೆದರಿಕೆಯೋ, ನನ್ನ ಕತೆ ಕೇಳಿ ಬಂದ ನಾಚಿಕೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ.

ವಾರದ ನಂತರ ಗಂಗಮ್ಮ ಮಗಳನ್ನು ಕರೆದುಕೊಂಡು ಬಂದಳು. ನಾನು ಹೆಮ್ಮೆಯಿಂದ ಪತ್ರಿಕೆ ಹಿಡಿದು, "ಇಲ್ಲಿ ನೋಡಿ ನಿಮ್ ಹೆಸ್ರು" ಎನ್ನಲು ಹೋದೆ. ಅವಳು ಕೈ ಅಡ್ಡ ಹಿಡಿದಳು. "ನೀವ್ ಹೇಳ್ಬೇಡಿ. ನಂಗೆ ಓದಾಕ್ ಬರಲ್ಲ ಅಂತ ಏನ್ ಬೇಕಾರೂ ಹೇಳ್ಬೋದು. ಇವ್ಳು ನಾಕನೇ ಕ್ಲಾಸ್ ಓದಿದಾಳೆ. ಇವ್ಳು ಓದ್ಲಿ." ಆ ಹುಡುಗಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಗಂಗಮ್ಮ ಎಂದು ಬಂದಾಗ ತಾಯಿಯ ಮುಖ ನೋಡಿ ನಕ್ಕಳು. ಗಂಗಮ್ಮ ಆ ಮಾತು ಹೇಳಿದ್ದು ನನ್ನ ವಿಷಯ ಗೊತ್ತಿದ್ದು ಅಲ್ಲ. ಆದರೂ ಕೆನ್ನೆಗೆ ಹೊಡೆಸಿಕೊಂಡವನಂತೆ ನಾನು ಕೇಸಿನ ಕಡೆ ತಿರುಗಿ ನಿಂತೆ.

ಮದುವೆಗೆ ಜನ ಬಂದರಂತೆ. ಲಾಂಚು ಎರಡು ಸಲ ಹೆಚ್ಚು ಓಡಾಡಬೇಕಾಯಿತಂತೆ. ಕೆಳಗೆ ಪ್ರೆಸ್ಸಿನ ಹೆಸರಿಲ್ಲದಿದ್ದರೂ ಅದು ಎಲ್ಲಿ ಅಚ್ಚಾದದ್ದು ಎಂದು ಎಲ್ಲರಿಗೂ ಗೊತ್ತಾಯಿತು, ಯಾಕೆಂದರೆ ನಮ್ಮ 'ಸ' ಅಕ್ಷರದ ಬಾಲ ಮುರಿದಿತ್ತು. ಒಬ್ಬ ಪುರೋಹಿತರು ಬಂದು ರಾಯರಿಗೆ ಉಪದೇಶ ಮಾಡಿ ಹೋದರು. ಒಂದೆರಡು ಮನೆಯವರು ಬೇರೆ ಪ್ರೆಸ್ಸಿಗೆ ಹೋದರು. ಪ್ರಪಂಚವೇನೂ ಮುಳುಗಲಿಲ್ಲ.

ಮರುವರ್ಷ ನನ್ನ ತಂಗಿ ಸರೋಜನ ಮದುವೆ ಗೊತ್ತಾಯಿತು. ಗಂಡು ಹೊಸನಗರದವನು. ನಾನು ಮೇಳಿಗೆಗೆ ಹೋಗಿ, "ಅವ್ವ, ಈ ಸಲ ಕರೆಯೋರ ಜಾಗ್ದಲ್ಲಿ ನಿನ್ ಹೆಸ್ರು ಹಾಕ್ತೀನಿ. ದೊಡ್ಡಕ್ಕೆ, ಮೇಲೇ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಹೂಂ. ಹಾಕು" ಎಂದಳು, ಅಷ್ಟೇ. ಹಳೆಯ ಸುಳ್ಳನ್ನು ಆಗಲೇ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ.

ಸುದ್ದಿ ಕೇಳಿ ಚಿಕ್ಕಪ್ಪ ಸಾಗರಕ್ಕೇ ಬಂದರು. ಪ್ರೆಸ್ಸಿನ ಬಾಗಿಲಲ್ಲಿ ನಿಂತು ಹತ್ತು ಜನ ಕೇಳುವ ಹಾಗೆ ಕೂಗಾಡಿದರು. "ಅತ್ಗೆ ಹೆಸ್ರು ಮ್ಯಾಲ್ ಬಂದ್ರೆ ನಾನು ಧಾರೆ ಎರೆಯಕ್ಕೆ ನಿಲ್ಲಲ್ಲ. ಮದ್ವೆಗೂ ಬರಲ್ಲ. ಗಂಡಿನ ಕಡೇರು ಈ ಪತ್ರಿಕೆ ನೋಡಿ ಸಂಬಂಧ ಬ್ಯಾಡ ಅಂದ್ರೆ ಏನ್ ಮಾಡ್ತೀಯಾ? ತಂಗೀನ ಮನೇಲೇ ಇಟ್ಕಂತೀಯಾ?"

"ಧಾರೆಗೆ ನಾನೂ ನನ್ ಹೆಂಡ್ತೀನೂ ನಿಲ್ತೀವಿ ಚಿಕ್ಕಪ್ಪ. ಗಂಡಿನ ಕಡೇರನ್ನ ನಾನೇ ಹೋಗಿ ಕೇಳ್ತೀನಿ" ಎಂದೆ. ಬಾಯಲ್ಲೇನೋ ಹಾಗೆಂದುಬಿಟ್ಟೆ. ನನ್ನ ಸಿಟ್ಟಿಗೆ ಸರೋಜ ಬೆಲೆ ತೆರಬೇಕಾದರೆ ಏನು ಗತಿ?

ಪ್ರೂಫು ಜೇಬಿನಲ್ಲಿಟ್ಟುಕೊಂಡು ಮಾರನೆಯ ದಿನವೇ ಹೊಸನಗರಕ್ಕೆ ಹೋದೆ. ಗಂಡಿನ ತಂದೆ ಈರಪ್ಪ ಜಗಲಿಯಲ್ಲಿ ಕೂತು ಓದಿದರು. ಹುಬ್ಬು ಗಂಟಾಯಿತು. ಒಳಗಿನಿಂದ ಅವರ ಹೆಂಡತಿ ನಾಗಮ್ಮ ಕಾಫಿ ತಂದವರು ಏನು ಎಂತ ಎಂದು ಕೇಳಿ, "ಜೋರಾಗಿ ಓದಿ, ನಾನೂ ಕೇಳ್ತೀನಿ" ಎಂದರು. ಈರಪ್ಪ ಓದಿದರು. ನಾಗಮ್ಮ ಸ್ವಲ್ಪ ಯೋಚಿಸಿ, "ಈಗ ನಮ್ ಪತ್ರಿಕೆಗೆ ಬರ್ದಿಟ್ಟಿದೀರಲ್ಲ, ಅದ್ನೂ ಓದಿ" ಎಂದರು.

ಈರಪ್ಪ ಗೂಡಿನಿಂದ ಚೀಟಿ ತೆಗೆದು ಓದಿದರು. ಕೊನೆಗೆ ಕರೆಯುವವರ ಸಾಲು: 'ಶ್ರೀಮತಿ ಮತ್ತು ಶ್ರೀ ಈರಪ್ಪ.'

"ಆ ಶ್ರೀಮತಿ ಯಾರು?"

"ನೀನೇ ಕಣೆ, ಮತ್ಯಾರು?"

"ನಂಗೆ ಹೆಸ್ರಿಲ್ವ? ಗಂಡ ಸತ್ತಿರೋ ದುಗ್ಗಮ್ಮಂಗೆ ಅವ್ರ್ ಮಗ ಇಷ್ಟ್ ದಪ್ಪ ಹೆಸ್ರು ಹಾಕಿದಾನೆ. ಗಂಡ ಗುಂಡ್ಕಲ್ಲಂಗೆ ಬದ್ಕಿದ್ದೂ ನಂಗೆ ಹೆಸ್ರಿಲ್ವ?"

ಈರಪ್ಪ ನನ್ನ ಕಡೆ ನೋಡಿದರು. ನಾನು ಕಾಫಿಯ ಕಡೆ ನೋಡಿದೆ. ಸಂಬಂಧ ಮುರಿಯಬಹುದು ಎಂದು ಎದೆ ಗಟ್ಟಿ ಮಾಡಿಕೊಂಡು ಹೋದವನು ಎರಡು ಪತ್ರಿಕೆಯ ಕೆಲಸ ಹಿಡಿದುಕೊಂಡು ವಾಪಸು ಬಂದೆ. ಒಂದರಲ್ಲಿ ದುಗ್ಗಮ್ಮ, ಇನ್ನೊಂದರಲ್ಲಿ ನಾಗಮ್ಮ.

ಆಮೇಲೆ ಮೊಳೆಯೇ ಬೇಡದ ಆಫ್‌ಸೆಟ್ ಮುದ್ರಣ ಬಂತು, ಮೊಳೆಗಳನ್ನೆಲ್ಲ ಕರಗಿಸಲು ತೂಕಕ್ಕೆ ಹಾಕಿದರು, ನಾನು ಹೊಸ ಮಷಿನ್ನು ಕಲಿತೆ. ಕೆಲಸ ಸಲೀಸಾಯಿತು. ಮೊಳೆಯ ಕಾಲದಲ್ಲಿ ಒಂದು ಹೆಸರು ತೆಗೆಯಬೇಕಾದರೆ ಚಿಮಟದಲ್ಲಿ ಒಂದೊಂದೇ ಅಕ್ಷರ ಕೀಳಬೇಕಿತ್ತು. ಯಾರನ್ನು ತೆಗೆಯುತ್ತಿದ್ದೇವೆ ಎಂದು ಕೈಗಾದರೂ ಗೊತ್ತಾಗುತ್ತಿತ್ತು. ಈಗ ಒಂದು ಗುಂಡಿ ಒತ್ತಿದರೆ ಸಾಕು. ಅದಕ್ಕೇ ನಿಮಗೆ ಇಷ್ಟು ಉದ್ದ ಹೇಳುತ್ತಿದ್ದೇನೆ. ಮುಹೂರ್ತ ಹಾಕಿ, ಸ್ಥಳ ಹಾಕಿ, ದಾರಿ ಹಾಕಿ, ನಾಯಿ ಕಚ್ಚುವುದಾದರೆ ಅದನ್ನೂ ಹಾಕಿ. ಆದರೆ ತಾಯಿ ಬದುಕಿದ್ದರೆ ಅವಳ ಹೆಸರಿಲ್ಲದ ಪತ್ರಿಕೆ ಮಾಡಿಕೊಡಬೇಡಿ. ಗಿರಾಕಿ ಎದ್ದು ಹೋಗುತ್ತಾನೆ ಎಂದರೆ ಹೋಗಲಿ. ನಮ್ಮಲ್ಲೂ ಎದ್ದು ಹೋದರು. ಅವರಲ್ಲಿ ಅರ್ಧ ಜನ ಮುಂದಿನ ಮಗಳ ಮದುವೆಗೆ ವಾಪಸು ಬಂದರು.

ಸರೋಜನ ಪತ್ರಿಕೆ ಅಚ್ಚಾಗುವ ದಿನ ಅವ್ವ ಮೇಳಿಗೆಯಿಂದ ಬಸ್ಸು ಹತ್ತಿ ಬಂದಳು. ಅವಳು ನಮ್ಮ ಪ್ರೆಸ್ಸು ನೋಡಿದ್ದು ಅದೇ ಮೊದಲು. ರಾಯರು ಎದ್ದು ತಮ್ಮ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟರು. ಪ್ರೂಫನ್ನು ಅವರೇ ಮೂರು ಸಲ ನೋಡಿದ್ದರು. ಹಿಂದಿನ ಸಂಜೆ ನನ್ನನ್ನು ಕರೆದು, "ಇದರಲ್ಲಿ ನಮ್ಮ ಪ್ರೆಸ್ಸಿನ ಸಾಲು ಯಾಕಿಲ್ಲ?" ಎಂದು ಗದರಿದ್ದರು. ನೀವೇ ತೆಗೆಸಿದ್ದಿರಲ್ಲ ಎಂದೆ. "ಅದು ಹೋದ ವರ್ಷ. ಈಗ ಹಾಕು" ಎಂದಿದ್ದರು. ಹಾಕಿದ್ದೆ.

ಅಚ್ಚು ಹೊಡೆಯುವ ಟ್ರೆಡಲ್ ಯಂತ್ರ ನಿಂತಿತು. ಶಾಯಿ ಇನ್ನೂ ಹಸಿಯಾಗಿದ್ದ ಮೊದಲ ಪತ್ರಿಕೆಯನ್ನು ನಾನು ಅವ್ವನ ಕೈಗೆ ಕೊಟ್ಟೆ. ಕರೆಯುವವರ ಸಾಲಿನ ಮೇಲೆ ಬೆರಳಿಟ್ಟು, "ದುಗ್ಗಮ್ಮ" ಎಂದು ಓದಿದೆ. ಅವಳು ಆ ದಪ್ಪ ಅಕ್ಷರಗಳನ್ನು ನೋಡುತ್ತ ಕೂತಳು. ಆಮೇಲೆ ತನ್ನ ಬೆರಳನ್ನು ನಿಧಾನಕ್ಕೆ ಕೆಳಗೆ ತಂದು, ಪತ್ರಿಕೆಯ ತೀರಾ ಕೊನೆಯ ಆ ಸಣ್ಣ ಸಾಲಿನ ಮೇಲೆ ಇಟ್ಟಳು.

"ಮತ್ತೆ, ಇಲ್ಲಿದ್ದ ನನ್ ಹೆಸ್ರೂ ಹಂಗೇ ಇದ್ಯಲ್ಲ?"

ರಾಯರು ಗೋಡೆಯ ಕಡೆ ತಿರುಗಿಕೊಂಡರು.

"ನಿನ್ ಮದ್ವೆ ಆಗಿ ನಾಕನೇ ದಿನ ಸ್ಕೂಲ್ ಮೇಷ್ಟ್ರ ಹತ್ರ ಓದಿಸ್ದೆ ಕಣಾ" ಎಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನಾಗೇ ಹೇಳ್ತೀಯೇನೋ ಅಂತ ಸುಮ್ನಿದ್ದೆ. ಬಾಳ ವರ್ಷ ತಗಂಡೆ ಮಾರಾಯ."

ನಾನು ಅತ್ತೆ. ಇಷ್ಟು ವಯಸ್ಸಿಗೆ ಅದನ್ನು ಮುಚ್ಚಿಟ್ಟು ಏನು? ಕರಿ ಮೆತ್ತಿದ ಕೈಯಲ್ಲೇ ಮುಖ ಒರೆಸಿಕೊಂಡು ಇನ್ನಷ್ಟು ಕರಿಯಾದೆ. ಅವಳು ತನ್ನ ಸೆರಗಿನಿಂದ ಅದನ್ನು ಒರೆಸಿ, ಪತ್ರಿಕೆಯನ್ನು ಮಡಿಸದೆ ಹಾಗೆಯೇ ಹಿಡಿದುಕೊಂಡು ಎದ್ದಳು.

"ಇದು ರಂಗಪ್ಪಂಗೆ. ಮೊದ್ಲು ಅವ್ನ್ ಮನೆಗೇ ಹೋಗ್ತೀನಿ."

"ಚಿಕ್ಕಪ್ಪ ಬರಲ್ಲ ಅಂದಿದಾರೆ ಅವ್ವ. ತಡಿ, ನಾನೂ ಬರ್ತೀನಿ."

"ನೀನ್ ಎಂತಕ್ಕೆ?" ಎಂದಳು, ಬಾಗಿಲು ದಾಟುತ್ತ. "ಕರೆಯೋಳು ನಾನು."